ಆರನೆಯ ವರ್ಷಕ್ಕೆ ಮೊದಲು

ಶಾಲೆಯ ದಾಖಲಾತಿ ಪುಸ್ತಕದ ಪ್ರಕಾರ ನಮ್ಮ ಮಕ್ಕಳ ಬದುಕು ಆರಂಭವಾಗುತ್ತಿದ್ದುದು ಐದು ವರ್ಷ ಹತ್ತು ತಿಂಗಳಿಗೆ. ನಾನು ಸೇವೆಯಲ್ಲಿದ್ದ ಬಹುಕಾಲ ಒಂದನೆಯ ತರಗತಿಯ ಪ್ರವೇಶಕ್ಕೆ ಅದೇ ವಯಸ್ಸು ಗೊತ್ತಾಗಿತ್ತು. ಜನನ ಪ್ರಮಾಣಪತ್ರವೆಂಬುದು ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಅಪರೂಪವಾಗಿದ್ದ ದಿನಗಳಲ್ಲಿ, ಮಗುವಿನ ಬಲಗೈಯನ್ನು ನೆತ್ತಿಯ ಮೇಲಿನಿಂದ ತಂದು ಎಡಗಿವಿಯನ್ನು ಮುಟ್ಟಿಸಿ ನೋಡುವ ಪದ್ಧತಿಯಿತ್ತು. ನಿಮ್ಮಲ್ಲಿ ಅನೇಕರು ಹಾಗೆ ಕಿವಿ ಮುಟ್ಟಿಯೇ ಶಾಲೆಯ ಒಳಗೆ ಬಂದವರು. ವಯಸ್ಸು ತುಂಬಿದ್ದರೂ ಕೈ ಮೇಲೇರದ ಮಕ್ಕಳೂ ಆಗಾಗ ಬರುತ್ತಿದ್ದರು. ಅವರ ಸ್ನಾಯುಗಳು ಬಿಗಿದುಕೊಂಡಿರುತ್ತಿದ್ದವು. ಅಂಗೈ ಮುಷ್ಟಿಯಾಗಿ ಎದೆಗೆ ಅಂಟಿಕೊಂಡಿರುತ್ತಿತ್ತು. ತಾಯಿ ಬಾಗಿಲಿನ ಹೊರಗೇ ನಿಂತು, "ಇವನಿಗೆ ಕೈ ಬರಂಗಿಲ್ರೀ ಸರ, ಆದ್ರ ಎಲ್ಲಾ ತಿಳೀತದ" ಎನ್ನುತ್ತಿದ್ದಳು. ಆ ಮಾತಿನ ಹಿಂದೆ ಐದೂ ಮುಕ್ಕಾಲು ವರ್ಷಗಳ ಕಥೆಯಿರುತ್ತಿತ್ತು. ಶಿಕ್ಷಕರಿಗೆ ಕಾಣುತ್ತಿದ್ದುದು ಅದರ ಕೊನೆಯ ಪುಟ ಮಾತ್ರ.

ಆ ವರ್ಷಗಳ ಕುರಿತು ಬರೆಯಬೇಕೆನ್ನಿಸಿದ್ದಕ್ಕೆ ಕಾರಣವಿದೆ. ನನ್ನ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಹಲವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ದೂರವಾಣಿಯಲ್ಲಿ ಮಾತಿಗೆ ಮಾತು ಬೆಳೆದು ಮೊಮ್ಮಕ್ಕಳ ಸುದ್ದಿ ಬಂದಾಗ, "ಎರಡು ವರ್ಷ ತುಂಬಿತು, ಇನ್ನೂ ಮಾತಿಲ್ಲ, ಗಂಡುಹುಡುಗರು ತಡ ಅಲ್ಲೇನ್ರಿ ಸರ್? ಅವರಪ್ಪನೂ ಹಂಗೇ ಇದ್ದ" ಎನ್ನುತ್ತಾರೆ. ಈ ಒಂದು ವರ್ಷದಲ್ಲಿಯೇ ಇಂತಹ ಮಾತನ್ನು ಮೂರು ಮನೆಗಳಿಂದ ಕೇಳಿದ್ದೇನೆ. "ನೋಡೋಣ, ಬರ್ತದ" ಎಂಬ ನಮ್ಮ ಸೀಮೆಯ ಸಮಾಧಾನದ ಮಾತು ಬೆಳೆಗೆ, ಮಳೆಗೆ, ಸಾಲಕ್ಕೆ ಹೊಂದಬಹುದು. ಎರಡು ವರ್ಷದ ಮಗುವಿಗೆ ಅದು ಹೊಂದುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಅಂಗವಿಕಲ ಮಗುವೆಂದರೆ ಹೆಚ್ಚಾಗಿ ಪೋಲಿಯೋ ತಗುಲಿದ ಮಗು. ಪ್ರತಿ ಶಾಲೆಯಲ್ಲಿಯೂ ಒಬ್ಬಿಬ್ಬರು ಇರುತ್ತಿದ್ದರು. ತೊಡೆಯ ಮೇಲೆ ಕೈಯೂರಿ ಕುಂಟುತ್ತ ಬರುವರು, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿರುವರು. 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾಯಿತು. ನಾವು ಶಿಕ್ಷಕರು, ಅಂಗನವಾಡಿಯವರು ಭಾನುವಾರಗಳಂದು ನೀಲಿ ಪೆಟ್ಟಿಗೆ ಹಿಡಿದು ಕುಳಿತೆವು, ಮರುದಿನ ಮನೆಮನೆ ತಿರುಗಿದೆವು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡಿತು; 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತವೆಂಬ ಘೋಷಣೆಯಾಯಿತು. ಸರ್ಕಾರ ಮನಸ್ಸು ಮಾಡಿದರೆ ಕೃಷ್ಣೆ ಭೀಮೆಯರ ನಡುವಿನ ಯಾವ ದೊಡ್ಡಿ, ತಾಂಡಾ, ಗುಡಿಸಲಿನ ಬಾಗಿಲಿಗೂ ಬರಬಲ್ಲದೆಂಬುದನ್ನು ಆ ಕೆಲಸದಲ್ಲಿ ಕಣ್ಣಾರೆ ಕಂಡೆ. ಆದರೆ ಪೋಲಿಯೋ ಎರಡು ಹನಿಯ ಕೆಲಸ. ಬೆಳವಣಿಗೆಯಲ್ಲಿ ಹಿಂದುಳಿದ ಮಗುವಿಗೆ ಹನಿ ಹಾಕಿ ಬರಲಾಗದು. ನೂರು ಸಲ ಹೋಗಬೇಕು, ಅಥವಾ ಆ ಮನೆಯಲ್ಲಿಯೇ ಒಬ್ಬರ ಕೈಗೆ ವಿದ್ಯೆಯನ್ನು ಕೊಟ್ಟು ಬರಬೇಕು.

ಹೆರಿಗೆಯಲ್ಲಿ ಉಸಿರು ಕಟ್ಟಿದ ಕೂಸು, ತೀರ ಮುಂಚೆ ಹುಟ್ಟಿದ ಕೂಸು, ಹುಟ್ಟಿದ ವಾರದಲ್ಲಿ ಕಾಮಾಲೆ ತಲೆಗೇರಿದ ಕೂಸು, ಹುಟ್ಟುವಾಗಲೇ ಕಿವಿ ಕೇಳದ ಕೂಸು, ಥೈರಾಯ್ಡ್ ಕೊರತೆಯ ಕೂಸು, ಡೌನ್ ಸಿಂಡ್ರೋಮ್ ಇರುವ ಕೂಸು, ಕಣ್ಣಿಗೆ ಕಣ್ಣು ಕೊಡದ ಆಟಿಸಂನ ಕೂಸು. ಕಾರಣಗಳು ಬೇರೆ ಬೇರೆ. ಸಂಬಂಧದೊಳಗಿನ ಮದುವೆಗಳು, ಅದರಲ್ಲಿಯೂ ಸೋದರಮಾವನೊಡನೆ ಆಗುವವು, ನಮ್ಮಲ್ಲಿ ಹೆಚ್ಚು. ಹುಟ್ಟುಕಿವುಡಿನಂತಹ ಕೆಲವು ತೊಂದರೆಗಳು ಆ ದಾರಿಯಲ್ಲಿಯೂ ಬರುತ್ತವೆ. ಇದನ್ನು ಹೇಳಿದಾಗ ಬಂಧುಗಳು ನನ್ನ ಮೇಲೆ ಮುನಿಯುವುದುಂಟು. ಮುನಿದರೂ ಸರಿಯೆ, ಹೇಳುತ್ತೇನೆ. ಇವುಗಳಲ್ಲಿ ಥೈರಾಯ್ಡ್ ಕೊರತೆಯೊಂದನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಕಂಡು ದಿನಕ್ಕೊಂದು ಮಾತ್ರೆ ಕೊಟ್ಟರೆ ಮಗು ಬಹುತೇಕ ಎಲ್ಲರಂತೆಯೇ ಬೆಳೆಯುತ್ತದೆ; ವರ್ಷ ಕಳೆದ ಮೇಲೆ ಅದೇ ಮಾತ್ರೆ ಕಳೆದ ಬುದ್ಧಿಯನ್ನು ಮರಳಿ ತಾರದು. ಉಳಿದವುಗಳಿಗೆ ಅಂತಹ ಮಾತ್ರೆಯಿಲ್ಲ, ಅಭ್ಯಾಸವಿದೆ. ಕೇಳದ ಕಿವಿಯ ವಿಷಯದಲ್ಲಿ ತಜ್ಞರ ಲೆಕ್ಕ ಬಹು ಸ್ಪಷ್ಟ: ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಯಂತ್ರ ಮತ್ತು ತರಬೇತಿ. ಮಾತನ್ನು ಕಟ್ಟುವ ಮೆದುಳಿನ ಭಾಗ ಮೊದಲ ಮೂರು ವರ್ಷಗಳಲ್ಲಿ ಕಿವಿಯಿಂದ ಏನೂ ಬಾರದೆ ಹೋದರೆ ಬೇರೆ ಕೆಲಸಕ್ಕೆ ತಿರುಗಿಕೊಳ್ಳತೊಡಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾವು ತರಗತಿಯಲ್ಲಿ ಶಿಸ್ತಿನ ವಿಷಯಕ್ಕೆ ಹೇಳುತ್ತಿದ್ದ ಗಾದೆ ಶಿಸ್ತಿಗಿಂತ ಇಲ್ಲಿಯೇ ಹೆಚ್ಚು ನಿಜ.

ಮಗು ತಡವಾಗುತ್ತಿದೆಯೆಂದು ತಿಳಿಯಲು ದೊಡ್ಡ ವಿದ್ಯೆ ಬೇಕಾಗಿಲ್ಲ. ಎರಡು ತಿಂಗಳಿಗೆ ಮುಖ ನೋಡಿ ನಗಬೇಕು. ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು. ಎಂಟೊಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂಡಬೇಕು. ಒಂದೂವರೆ ವರ್ಷಕ್ಕೆ ನಡೆಯಬೇಕು, ಬೇಕಾದುದನ್ನು ಬೆರಳಿನಿಂದ ತೋರಿಸಬೇಕು. ಎರಡು ವರ್ಷಕ್ಕೆ "ಅವ್ವ ಬಾ", "ನೀರು ಕೊಡು" ಎಂದು ಎರಡು ಪದ ಕೂಡಿಸಬೇಕು. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದವರು ಎರಡು ವರ್ಷದೊಳಗಿನ ಕೂಸುಗಳಿಗಾಗಿ 17 ಅಂಶಗಳ ಒಂದು ಪಟ್ಟಿಯನ್ನು ಮಾಡಿದ್ದಾರೆ. ಪಟದ ಮೇಲೆ ಮಗುವಿನ ವಯಸ್ಸಿಗೆ ಸರಿಯಾಗಿ ಒಂದು ಪೆನ್ಸಿಲನ್ನು ನೆಟ್ಟಗೆ ಇಟ್ಟರೆ, ಅದರ ಎಡಕ್ಕೆ ಉಳಿದುದನ್ನೆಲ್ಲ ಮಗು ಮಾಡುತ್ತಿರಬೇಕು. ಅಷ್ಟೆ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿಯೂ ಈ ಹಂತಗಳ ಚಿತ್ರಗಳಿವೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ನ್ನೂ ಮುಟ್ಟಿರಲಿಲ್ಲ, ರಾಜ್ಯದಲ್ಲಿಯೇ ಕಡೆಯ ಸ್ಥಾನ. ಹೆಂಗಸರದು ಇನ್ನೂ ಕಡಿಮೆ. ಆದ್ದರಿಂದ ಚಿತ್ರ ಹಾಕಿದ್ದು ಒಳ್ಳೆಯದಾಯಿತು. ಆದರೆ ಆ ಕಾರ್ಡು ಚುಚ್ಚುಮದ್ದಿನ ದಿನ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತದೆ. ಸೊಸೆಗೆ ಓದಲು ಬಂದರೆ ಒಂದು ಸಂಜೆ ಕೂಡಿಸಿಕೊಂಡು ಅದನ್ನು ಓದಿಸಿರಿ. ಓದು ಬಾರದಿದ್ದರೆ ನೀವೇ ಚಿತ್ರಗಳನ್ನು ತೋರಿಸಿರಿ.

ಇಂತಹ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2013ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ತೊಡಗಿಸಿತು. ಅದರ ವ್ಯವಸ್ಥೆಯ ಪ್ರಕಾರ ಇಬ್ಬರು ವೈದ್ಯರು, ಒಬ್ಬ ದಾದಿ, ಒಬ್ಬ ಔಷಧಿಗಾರರಿರುವ ಸಂಚಾರಿ ತಂಡ ಪ್ರತಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಪ್ರತಿ ಸರ್ಕಾರಿ ಶಾಲೆಗೆ ಒಂದು ಸಲ ಬಂದು 30 ಬಗೆಯ ತೊಂದರೆಗಳನ್ನು ಹುಡುಕಬೇಕು. ಅಲ್ಲಿ ಸಿಕ್ಕ ಮಕ್ಕಳನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕು. ಮಕ್ಕಳ ತಜ್ಞರು, ಫಿಸಿಯೋಥೆರಪಿಯವರು, ವಾಕ್ ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಅಲ್ಲಿ ಒಂದೇ ಸೂರಿನಡಿ ಇರಬೇಕು. ಆ ಕೇಂದ್ರಕ್ಕೆ ಕನ್ನಡದಲ್ಲಿ 'ಶೀಘ್ರ ಮಧ್ಯಸ್ಥಿಕೆ ಕೇಂದ್ರ' ಎಂಬ ಹೆಸರು ರೂಢಿಗೆ ಬಂದಿದೆ. ಮಧ್ಯಸ್ಥಿಕೆಯೆಂದರೆ ನಮ್ಮಲ್ಲಿ ಬದುವಿನ ಜಗಳ ಬಿಡಿಸುವುದು, ಗಂಡ ಹೆಂಡಿರನ್ನು ಕೂಡಿಸುವುದು. ಕನ್ನಡ ಮೇಷ್ಟರಾಗಿದ್ದವನಿಗೆ ಈ ಅನುವಾದ ಹಲ್ಲಿಗೆ ಕಲ್ಲು ಸಿಕ್ಕಂತೆ. 'ಮುಂಚಿತ ಆರೈಕೆ' ಎಂದಿದ್ದರೆ ಹಳ್ಳಿಯ ತಾಯಿಗೂ ತಿಳಿಯುತ್ತಿತ್ತು. ಹೆಸರು ಹೇಗಾದರೂ ಇರಲಿ, ಯೋಚನೆ ಮಾತ್ರ ಸರಿಯಾದುದು.

ತೊಡಕಿರುವುದು ಲೆಕ್ಕದಲ್ಲಿ. ಸುರಪುರದಿಂದ ಯಾದಗಿರಿಗೆ ಸುಮಾರು 50 ಕಿಲೋಮೀಟರು. ಹುಣಸಗಿ ಕಡೆಯವರಿಗೆ ಇನ್ನೂ ದೂರ. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಹಳ್ಳಿಯಿಂದ ಒಂದು ಬಸ್ಸು, ತಾಲ್ಲೂಕಿನಿಂದ ಇನ್ನೊಂದು, ಭೀಮೆಯನ್ನು ದಾಟಿ ಯಾದಗಿರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಲ್ಲ, ಇದು ಸಣ್ಣ ಉಪಕಾರವಲ್ಲ. ಆದರೆ ಹತ್ತಿ ಬಿಡಿಸುವ, ಭತ್ತದ ಸಸಿ ನೆಡುವ ದಿನಗಳಲ್ಲಿ ಒಂದು ದಿನದ ಕೂಲಿಗೆ ಯಾವ ಟಿಕೆಟ್ಟೂ ಸಮನಲ್ಲ. ಕತ್ತು ನಿಲ್ಲದ ಮೂರು ವರ್ಷದ ಮಗುವನ್ನು ಹೆಗಲಿಗೆ ಹಾಕಿಕೊಂಡು ವಾರಕ್ಕೆರಡು ಸಲ ಹೋಗಿ ಬಾ ಎಂದು ಹೇಳುವುದು ಸುಲಭ. ಹೋದ ದಿನ ಅಲ್ಲಿ ಆ ತಜ್ಞರ ಹುದ್ದೆ ಖಾಲಿಯಿದ್ದರೆ? ನನಗೆ ಗೊತ್ತಿರುವ ಒಬ್ಬ ತಂದೆಗೆ ಒಂದು ಊರಿನ ಆಸ್ಪತ್ರೆಯಲ್ಲಿ ನಾಲ್ಕು ಸಲ ಹಾಗಾಯಿತು. ಐದನೆಯ ಸಲ ಆತ ಹೋಗಲಿಲ್ಲ. ಅವನನ್ನು ಅಜ್ಞಾನಿಯೆನ್ನಲು ನನಗೆ ಬಾಯಿ ಬರುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ಗುಳೆ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಹೋಗುವ ಸಂಸಾರಗಳೆಷ್ಟೆಂಬುದು ಯುಗಾದಿಗೆ ಮೊದಲು ನಮ್ಮ ಹಳ್ಳಿಗಳ ಓಣಿಯಲ್ಲಿ ನಡೆದವರಿಗೆ ಗೊತ್ತು. ಶಾಲೆಯ ಹಾಜರಿಯಲ್ಲಿ ಅದು ಕಾಣುತ್ತಿತ್ತು. ಅಭ್ಯಾಸದ ಚಿಕಿತ್ಸೆಯಲ್ಲಿ ಅದು ಇನ್ನೂ ಕ್ರೂರ. ಆರು ತಿಂಗಳಲ್ಲಿ ಸಡಿಲವಾದ ಕಾಲು ಮುಂದಿನ ಆರು ತಿಂಗಳಲ್ಲಿ ಮತ್ತೆ ಕತ್ತರಿಯಂತೆ ಹೆಣೆದುಕೊಳ್ಳುತ್ತದೆ. ಸಂಚಾರಿ ತಂಡ ಅಂಗನವಾಡಿಗೆ ಬಂದ ದಿನ ಆ ಮಗು ವೈಟ್‌ಫೀಲ್ಡಿನ ಯಾವುದೋ ಮರಳಿನ ರಾಶಿಯ ಬದಿಯಲ್ಲಿರುತ್ತದೆ.

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾಯಿತು. ಅಂದು ಕಲಬುರಗಿ ಸಮೀಪದ ತಾಜ್ ಸುಲ್ತಾನಪುರದಲ್ಲಿ ಕೆಲವು ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಚಿತ್ರಸಹಿತ ಬಂದಿತು. ಗ್ರಹಣದ ಹೊತ್ತಿಗೆ ಹೀಗೆ ಮಾಡಿದರೆ ಕೈಕಾಲು ಬರುತ್ತವೆಂಬ ನಂಬಿಕೆ ಹೊಸದೇನಲ್ಲ. ನಾಡಿಗೆ ನಾಡೇ ಆ ತಂದೆತಾಯಿಗಳನ್ನು ಬೈಯಿತು. ಮಕ್ಕಳು ಬಿಕ್ಕಿ ಅಳುವ ಚಿತ್ರ ನೋಡಿ ನನಗೂ ಸಂಕಟವಾಯಿತು. ಆದರೆ ಆ ಸಂಕಟದ ನಡುವೆಯೇ ಇನ್ನೊಂದು ಗುಂಡಿ ನೆನಪಾಯಿತು. ನಡೆಯಲು ತಡವಾದ ಕೂಸನ್ನು ಅಂಗಳದಲ್ಲಿ ಸೊಂಟದವರೆಗಿನ ಗುಂಡಿ ತೋಡಿ, ಸುತ್ತ ಬಟ್ಟೆ ತುರುಕಿ, ಎದುರಿಗೆ ಆಟಿಕೆಯಿಟ್ಟು ದಿನಾಲು ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದ ಅಜ್ಜಿಯರನ್ನು ನಾನು ಬಾಲ್ಯದಲ್ಲಿ ನೋಡಿದ್ದೇನೆ. ಪಟ್ಟಣದ ಚಿಕಿತ್ಸಾಲಯಗಳಲ್ಲಿ ಮರದ ಅಥವಾ ಉಕ್ಕಿನ ಚೌಕಟ್ಟಿನಲ್ಲಿ ಪಟ್ಟಿ ಬಿಗಿದು ಮಗುವನ್ನು ನಿಲ್ಲಿಸುತ್ತಾರಲ್ಲ, ಅದರ ಕೆಲಸವೂ ಇದೇ: ಸೊಂಟ, ಮೊಣಕಾಲಿಗೆ ಆಸರೆ ಕೊಟ್ಟು, ಪಾದದ ಮೇಲೆ ಮೈಭಾರ ಬೀಳುವಂತೆ ಮಾಡಿ, ಕೈಗಳನ್ನು ಆಟಕ್ಕೆ ಬಿಡುವುದು. ಕುತ್ತಿಗೆಯವರೆಗೆ ಹೂತ ಗುಂಡಿ ವರ್ಷಕ್ಕೊಮ್ಮೆ ಗ್ರಹಣ ಬಂದಾಗಿನದು. ಸೊಂಟದವರೆಗಿನ ಗುಂಡಿ ದಿನನಿತ್ಯದ್ದು. ಒಂದು ಪವಾಡವನ್ನು ಕಾಯುತ್ತದೆ, ಇನ್ನೊಂದು ಅಭ್ಯಾಸ ಮಾಡಿಸುತ್ತದೆ. ನಮ್ಮ ಹಿರಿಯರಲ್ಲಿ ಎರಡೂ ಇದ್ದವು. ಗ್ರಹಣದ ಗುಂಡಿಯನ್ನು ತೋಡಿದ ತಂದೆಯೂ ಮಗುವಿಗಾಗಿ ಏನಾದರೂ ಮಾಡಬೇಕೆಂದೇ ತೋಡಿದನು. ಮಾಡಬೇಕಾದುದು ಇದು ಎಂದು ತೋರಿಸುವವರು ಅವನ ಅಂಗಳಕ್ಕೆ ಬಂದಿದ್ದರೋ ಎಂಬ ಪ್ರಶ್ನೆಯನ್ನು ಬೈದವರಾರೂ ಕೇಳಲಿಲ್ಲ.

ಮಾತು ಬಾರದ ಮಗುವನ್ನು ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತು ಕರೆದೊಯ್ಯುವವರ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ. ಹರಕೆ ಬೇಡವೆನ್ನುವುದಿಲ್ಲ. ಜಾತ್ರೆಗೆ ಹೋಗುವ ಮುನ್ನ ಕಿವಿ ತೋರಿಸಿರಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ದೂರವಾಯಿತು, ನಿಜ. ಯಾದಗಿರಿಯಿಂದ ರೈಲು ಹತ್ತಿದರೆ ಸಿಕಂದರಾಬಾದು ನಮಗೆ ಬೆಂಗಳೂರಿಗಿಂತ ಹತ್ತಿರ. ಅಲ್ಲಿಯ ರಾಷ್ಟ್ರೀಯ ಸಂಸ್ಥೆ 1984ರಿಂದ ಬುದ್ಧಿಮಾಂದ್ಯ ಮಕ್ಕಳಿಗಾಗಿ ಕೆಲಸ ಮಾಡುತ್ತಿದೆ. 2021ರ ಜೂನ್‌ನಲ್ಲಿ ದೇಶದಲ್ಲಿ ತೆರೆದ 14 ಮುಂಚಿತ ಆರೈಕೆ ಕೇಂದ್ರಗಳಲ್ಲಿ ಒಂದು ಅಲ್ಲಿದೆ. ನಿರ್ಣಯಕ್ಕೆ ಒಮ್ಮೆ ಅಷ್ಟು ದೂರ ಹೋಗಿ ಬರಬಹುದು. ಆದರೆ ದಿನದಿನದ ಅಭ್ಯಾಸ ಮನೆಯಲ್ಲಿಯೇ ಆಗಬೇಕು.

ಆಗಬಹುದು ಎಂಬುದಕ್ಕೆ ಹೊರಗಿನ ಉದಾಹರಣೆಯೂ ಇದೆ. ಮೆಕ್ಸಿಕೋ ದೇಶದ ಒಂದು ಗುಡ್ಡಗಾಡಿನ ಹಳ್ಳಿಯಲ್ಲಿ ಅಂಗವಿಕಲರೇ ಸೇರಿ ನಡೆಸಿದ ಕೇಂದ್ರವೊಂದರ ಅನುಭವದಿಂದ ಡೇವಿಡ್ ವರ್ನರ್ ಎಂಬುವರು 1987ರಲ್ಲಿ ಹಳ್ಳಿಯ ಅಂಗವಿಕಲ ಮಕ್ಕಳ ಕುರಿತು ಒಂದು ದೊಡ್ಡ ಪುಸ್ತಕ ಬರೆದರು. ಕೋಲು, ಹಗ್ಗ, ಹಳೆಯ ಬಟ್ಟೆ, ಮಣ್ಣಿನಿಂದಲೇ ಮಾಡಿಕೊಳ್ಳಬಹುದಾದ ಸಾಧನಗಳ ಚಿತ್ರಗಳು ಅದರ ತುಂಬ ಇವೆ. ನಮ್ಮಲ್ಲಿಯೂ ಮನೆಗೆ ಹೋಗುವ ಜನ ಇಲ್ಲವೆಂದಲ್ಲ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂಬ ಏರ್ಪಾಟು ನಮ್ಮ ರಾಜ್ಯದಲ್ಲಿದೆ. ಅವರಲ್ಲಿ ಬಹಳ ಮಂದಿ ತಾವೇ ಅಂಗವಿಕಲರು, ಅಲ್ಪ ಗೌರವಧನದಲ್ಲಿ ತಿರುಗುವವರು. ಅವರ ಹೊತ್ತೆಲ್ಲ ಮಾಸಾಶನದ ಅರ್ಜಿ, ಗುರುತಿನ ಚೀಟಿಗಳಲ್ಲಿಯೇ ಕಳೆಯುತ್ತದೆ. ಪ್ರಮಾಣಪತ್ರ ಕೈಗೆ ಬಂದ ದಿನ ಚಿಕಿತ್ಸೆಯೂ ಮುಗಿಯಿತೆಂದು ತಿಳಿಯುವ ಮನೆಗಳು ಬಹಳ. ಶಿಕ್ಷಣ ಇಲಾಖೆಯ ವಿಶೇಷ ಸಂಪನ್ಮೂಲ ಶಿಕ್ಷಕರು ಶಾಲೆಗೆ ಬರಲಾರದ ಮಕ್ಕಳ ಮನೆಗೆ ಹೋಗುತ್ತಾರೆ. ಆದರೆ ಅವರ ಪಟ್ಟಿಗೆ ಹೆಸರು ಸೇರುವುದು ಶಾಲೆಯ ವಯಸ್ಸಾದ ಮೇಲೆ. ಕಾನೂನುಗಳೂ ಹಾಗೆಯೇ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಆರು ವರ್ಷದಿಂದ ಹದಿನಾಲ್ಕರವರೆಗೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಉಚಿತ ಶಿಕ್ಷಣದ ಹಕ್ಕನ್ನು ಕೊಡುವುದು ಆರರಿಂದ ಹದಿನೆಂಟರವರೆಗೆ. ಮೆದುಳು ಮಾತ್ರ ಕಾಯಿದೆಯನ್ನು ಓದಿಕೊಂಡು ಆರು ವರ್ಷದವರೆಗೆ ಕಾಯುವುದಿಲ್ಲ.

ಆದ್ದರಿಂದ ನನ್ನ ಭರವಸೆ ಇರುವುದು ಅಂಗನವಾಡಿಯ ಮೇಲೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಯೋಜನೆಯದು. ನಿಮ್ಮಲ್ಲಿ ಐದಾರು ಹೆಣ್ಣುಮಕ್ಕಳು ಈಗ ಅಂಗನವಾಡಿ ಕಾರ್ಯಕರ್ತೆಯರಾಗಿರುವುದು ನನಗೆ ಯಾವ ಪದವಿಗಿಂತ ಹೆಚ್ಚಿನ ಹೆಮ್ಮೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳಿಗಾಗಿಯೇ ಅಂಗವಿಕಲ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ನಿಯಮಾವಳಿಯನ್ನು ಹೊರತಂದಿದೆ. ತೂಕ, ಎತ್ತರ, ಮೊಟ್ಟೆ, ಮೊಬೈಲಿನಲ್ಲಿ ತುಂಬುವ ಅಂಕಿಗಳ ಮೇಲೆ ಇದೂ ಒಂದು ಹೊರೆಯೆಂದು ಅವರು ಗೊಣಗಿದರೆ ನಾನು ಅವರ ಪರ. ಹೊರೆಗೆ ತಕ್ಕ ಸಂಬಳ ಕೊಡದೆ ಹೊಸ ಹೊಸ ಪುಸ್ತಕ ಕೊಡುವ ಚಾಳಿ ನಮ್ಮ ಕಾಲದಿಂದಲೂ ಇದೆ. ಆದರೂ ಊರಿನ ಪ್ರತಿ ಕೂಸನ್ನೂ ಹೆಸರಿನಿಂದ ಬಲ್ಲವಳು ಅವಳೊಬ್ಬಳೇ.

ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಹಾಗೊಂದು ಕೂಸನ್ನು ಹನ್ನೊಂದನೆಯ ತಿಂಗಳಲ್ಲಿ ಕಂಡುಹಿಡಿದಳು. ಹುಟ್ಟಿದಾಗ ಅಳದ ಗಂಡುಕೂಸು, ಕತ್ತು ನಿಂತಿರಲಿಲ್ಲ. ತಂಡದವರು ಬರುವವರೆಗೆ ಕಾಯದೆ ಅತ್ತೆ ಸೊಸೆಯರಿಬ್ಬರನ್ನೂ ತಾನೇ ಬಸ್ಸು ಹತ್ತಿಸಿದಳು. ಫಿಸಿಯೋಥೆರಪಿಯ ಹೆಣ್ಣುಮಗಳು ಔಷಧಿ ಬರೆಯಲಿಲ್ಲ, ನಾಲ್ಕು ಕೆಲಸ ಹೇಳಿಕೊಟ್ಟಳು. ಮಲಗಿಸಿ ಹಾಲು ಕುಡಿಸಬೇಡಿ, ಕೂಡಿಸಿ ಕುಡಿಸಿರಿ. ಹೆಗಲ ಮೇಲೆ ಹಾಕಿಕೊಳ್ಳಬೇಡಿ, ಎರಡೂ ಕಾಲು ಅಗಲಿಸಿ ಸೊಂಟದ ಮೇಲೆ ಕೂಡಿಸಿಕೊಳ್ಳಿರಿ. ಗೋಡೆಯ ಮೂಲೆಗೆ ಒರಗಿಸಿ ಮುಂದೆ ಕೊಡ ಬೋರಲು ಹಾಕಿ ಆಡಲು ಬಿಡಿರಿ. ಎಣ್ಣೆ ಹಚ್ಚುವಾಗ ಕಾಲನ್ನು ಮೆಲ್ಲಗೆ ಎಣಿಸಿಕೊಂಡು ಚಾಚಿರಿ. ಅತ್ತೆ ನಕ್ಕು, "ಇದಕ್ಕಾಗಿ ಇಷ್ಟು ದೂರ ಬಂದೆವೇನು, ಎರೆಯೋದು ನನಗೆ ಗೊತ್ತಿಲ್ಲೇನು?" ಎಂದಳಂತೆ. ಆದರೂ ಮಾಡಿದಳು. ಎರಡನೆಯ ವರ್ಷದಲ್ಲಿ ಮಗು ಕೂತಿತು. ಮುಂದಿನ ಸಲ ನಿಲ್ಲಿಸುವ ಮಾತು ಬಂದಾಗ ಚೌಕಟ್ಟಿಗೆ ಹಣವಿರಲಿಲ್ಲ. ಅಜ್ಜಿಯೇ ಅಂಗಳದ ಗುಂಡಿಯನ್ನು ಸೂಚಿಸಿದಳು. ಆ ಹೆಣ್ಣುಮಗಳು ಆಳವನ್ನು ಅಳೆದು ತೋರಿಸಿ, ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷ, ಪಾದ ನೆಟ್ಟಗಿರಬೇಕು, ಒಬ್ಬರು ಎದುರಿಗೇ ಕೂತು ಮಾತನಾಡುತ್ತಿರಬೇಕು ಎಂದು ಒಪ್ಪಿಕೊಂಡಳು. ಮಗು ಈಗ ನಾಲ್ಕರದು. ಗೋಡೆ ಹಿಡಿದು ಹತ್ತು ಹೆಜ್ಜೆ ಇಡುತ್ತಾನೆ. ಎಲ್ಲರಂತಾಗಿಲ್ಲ, ಬಲಗೈ ಇನ್ನೂ ಬಿಗಿ, ಮಾತು ಮನೆಯವರಿಗೆ ಮಾತ್ರ ತಿಳಿಯುತ್ತದೆ. ಆದರೆ ಊಟವನ್ನು ತಾನೇ ಮಾಡುತ್ತಾನೆ, ಬಯಲಿಗೆ ಹೋಗಬೇಕಾದರೆ ಸನ್ನೆ ಮಾಡುತ್ತಾನೆ. ಈ ಎರಡರ ಬೆಲೆ ಏನೆಂಬುದನ್ನು ಇಪ್ಪತ್ತು ವರ್ಷದ ಮಗನನ್ನು ಎತ್ತಿ ಸ್ನಾನ ಮಾಡಿಸುವ ತಾಯಂದಿರನ್ನು ಕೇಳಬೇಕು.

ಕಳೆದ ದೀಪಾವಳಿಯ ನಂತರ ಆ ಸಂಸಾರವೂ ಗುಳೆ ಹೋಯಿತು. ಹೊರಡುವ ಮುನ್ನ ತಾಯಿ ಅಂಗನವಾಡಿಗೆ ಬಂದು, "ಅಲ್ಲಿ ಅಂಗಳ ಎಲ್ಲೀದು, ಗುಂಡಿ ಎಲ್ಲಿ ತೋಡಲಿ?" ಎಂದು ಕೇಳಿದಳು. ನನ್ನ ವಿದ್ಯಾರ್ಥಿನಿ ತಾಯಿ ಕಾರ್ಡು, ತಪಾಸಣೆಯ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟು, ಬೆಂಗಳೂರಿನಲ್ಲಿಯೂ ಅಂಗನವಾಡಿಯಿರುತ್ತದೆ, ಹೋದ ವಾರದೊಳಗೆ ಅಲ್ಲಿ ಹೆಸರು ಬರೆಸು, ಸರ್ಕಾರಿ ಆಸ್ಪತ್ರೆಯಲ್ಲಿ ಈ ಚೀಟಿ ತೋರಿಸು ಎಂದು ಹೇಳಿ ಕಳುಹಿಸಿದಳು. ಜನವರಿಯಲ್ಲಿ ಅವಳ ಮೊಬೈಲಿಗೆ ಒಂದು ಚಿತ್ರ ಬಂದಿತು. ಅವಳು ಅದನ್ನು ನನಗೂ ಕಳುಹಿಸಿದಳು. ಅರ್ಧ ಕಟ್ಟಿದ ಗೋಡೆಯ ಮೂಲೆಯಲ್ಲಿ, ಎರಡೂ ಬದಿಗೆ ಮರಳು ತುಂಬಿದ ಸಿಮೆಂಟ್ ಚೀಲಗಳ ನಡುವೆ ಹುಡುಗ ನಿಂತಿದ್ದಾನೆ. ಮುಂದೆ ಬೋರಲು ಹಾಕಿದ ಕಬ್ಬಿಣದ ಬುಟ್ಟಿ. ಅದರ ಮೇಲೆ ಒಂದು ಚೆಂಡು. ಪಾದ ನೆಟ್ಟಗಿವೆಯೇ ಎಂದು ದೊಡ್ಡದು ಮಾಡಿ ನೋಡಿದೆ. ಎಡಗಾಲು ಸ್ವಲ್ಪ ಒಳಕ್ಕೆ ತಿರುಗಿತ್ತು. ತಿರುಗಿ ಫೋನ್ ಮಾಡಿ ಹೇಳುವಂತೆ ಅವಳಿಗೆ ತಿಳಿಸಿದೆ.